ಇದ್ದವರನ್ನೆಲ್ಲ ಬಿಟ್ಟರು, ಒಬ್ಬನಿಗೇ 265 ಮಿಲಿಯನ್ ಕೊಟ್ಟರು: ಇದ್ಯಾವ ಲೆಕ್ಕ?

ಓದುಗರ ಪ್ರಶ್ನೆ: ಮೇಡಂ, ನಾನು ಹಾಸನದವನು. ಹನ್ನೊಂದು ವರ್ಷದಿಂದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇನೆ. ಮೊದಲೆಲ್ಲ ಅಮೆರಿಕನ್ ಫುಟ್‌ಬಾಲ್ ನನ್ನ ತಲೆಗೇ ಹತ್ತುತ್ತಿರಲಿಲ್ಲ. ಮಗಳು ಸ್ಕೂಲಲ್ಲಿ ಹಚ್ಚಿಕೊಂಡಳು, ಈಗ ಮನೆಮಂದಿಯೆಲ್ಲ ಸ್ಯಾನ್ ಫ್ರಾನ್ಸಿಸ್ಕೊ ತಂಡವಾದ ಫಾರ್ಟಿನೈನರ್ಸ್ ಕಡೆಯವರು. 2024ರ ಫೆಬ್ರವರಿಯಲ್ಲಿ ಫೈನಲ್ ಆಟ ಸೂಪರ್ ಬೌಲ್ ಸೋತ ರಾತ್ರಿ ಅವಳು ಊಟ ಮಾಡದೆ ಮಲಗಿದಳು. ಅದಾಗಿ ಒಂದು ವರ್ಷಕ್ಕೆ, 2025ರ ಮಾರ್ಚ್‌ನಲ್ಲಿ, ಡೀಬೊ ಸ್ಯಾಮ್ಯುಯೆಲ್, ಹುಫಾಂಗ, ಗ್ರೀನ್‌ಲಾ, ವಾರ್ಡ್, ಬ್ಯಾಂಕ್ಸ್, ಹಾರ್‌ಗ್ರೇವ್ ಎಲ್ಲರೂ ತಂಡದಿಂದ ಹೊರಗೆ. ಎರಡು ತಿಂಗಳು ಕಳೆದ ಮೇಲೆ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಬ್ರಾಕ್ ಪರ್ಡಿ ಒಬ್ಬನಿಗೇ 265 ಮಿಲಿಯನ್ ಡಾಲರ್. ಮಾಲೀಕರು ಜಿಪುಣರು ಅಂತ ಆಫೀಸಲ್ಲಿ ಎಲ್ಲರೂ ಹೇಳುತ್ತಾರೆ. ಜಿಪುಣರಾದರೆ ಇಷ್ಟು ದುಡ್ಡು ಹೇಗೆ ಕೊಟ್ಟರು? ನಮ್ಮ ಆರ್‌ಸಿಬಿ ಹರಾಜು ನನಗೆ ಅರ್ಥವಾಗುತ್ತದೆ, ಇದು ಆಗುವುದಿಲ್ಲ. ಮಾರ್ಚ್ ಬಂದರೆ ಈಗ ಭಯ. ಒಳ್ಳೆಯ ತಂಡ ಕಟ್ಟಲು ಫ್ರೀ ಏಜೆನ್ಸಿಯಲ್ಲಿ, ಅಂದರೆ ಒಪ್ಪಂದ ಮುಗಿದವರ ಮಾರುಕಟ್ಟೆಯಲ್ಲಿ ಕೊಳ್ಳಬೇಕಾ, ಇಲ್ಲ ಕಾಲೇಜು ಹುಡುಗರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್ ನಂಬಬೇಕಾ? ಹುಫಾಂಗನ 29ನೇ ನಂಬರ್ ಜೆರ್ಸಿ ಮಗಳಿಗೆ ಚಿಕ್ಕದಾಗಿದೆ. ಮುಂದಿನದು ಯಾರದ್ದು ಕೊಡಿಸಲಿ?

ಉತ್ತರ: ನಮಸ್ಕಾರ ಸರ್. ಆಟಗಾರರ ಪರವಾಗಿ ಮಾತಾಡುವ ಒಂದು ಏಜೆಂಟ್ ಕಚೇರಿಯಲ್ಲಿ ಒಪ್ಪಂದಗಳ ಲೆಕ್ಕ ನೋಡುವುದು ನನ್ನ ಕೆಲಸ. ಆಟಗಾರರ ಮಾರುಕಟ್ಟೆ ತೆರೆಯುವ ಮಾರ್ಚ್ ಅಂದರೆ ನಮಗೆ ನಿದ್ದೆಯಿಲ್ಲದ ತಿಂಗಳು. ಹಾಗಾಗಿ ನಿಮ್ಮ ಭಯ ನನಗೆ ಚೆನ್ನಾಗಿ ಗೊತ್ತು, ಮೇಜಿನ ಇನ್ನೊಂದು ಬದಿಯಿಂದ. ನೀವು ಕೇಳುತ್ತಿರುವುದು ಇಷ್ಟು ಅಂದುಕೊಂಡಿದ್ದೇನೆ: ದುಡ್ಡಿದ್ದೂ ಯಾಕೆ ಒಳ್ಳೆಯವರನ್ನು ಉಳಿಸಿಕೊಳ್ಳಲಿಲ್ಲ, ಮತ್ತು ಇದರ ಹಿಂದೆ ಯೋಜನೆ ಏನಾದರೂ ಇತ್ತಾ ಇಲ್ಲವಾ.

ಆರ್‌ಸಿಬಿಯಿಂದಲೇ ಶುರು ಮಾಡೋಣ. 2025ರ ಐಪಿಎಲ್ ಮೆಗಾ ಹರಾಜಿನಲ್ಲಿ ಪ್ರತಿ ತಂಡಕ್ಕೆ 120 ಕೋಟಿ ರೂಪಾಯಿ ಮಿತಿ ಇತ್ತು ಅಲ್ವಾ? ಎಷ್ಟೇ ಶ್ರೀಮಂತ ಮಾಲೀಕ ಬಂದರೂ 121ನೇ ಕೋಟಿ ಖರ್ಚು ಮಾಡುವಂತಿಲ್ಲ. ಸಿರಾಜ್‌ನನ್ನು ಬಿಟ್ಟಾಗ ನಮಗೆಲ್ಲ ಎಷ್ಟು ಹೊಟ್ಟೆ ಉರಿಯಿತು, ಆದರೆ ಅದೇ ವರ್ಷ ಕಪ್ ಬಂತು. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲೂ ಇಂಥದ್ದೇ ಮಿತಿ ಇದೆ, ಸ್ಯಾಲರಿ ಕ್ಯಾಪ್ ಅಂತಾರೆ. 1994ರಲ್ಲಿ ಶುರುವಾದಾಗ ತಂಡಕ್ಕೆ 34.6 ಮಿಲಿಯನ್ ಡಾಲರ್ ಇತ್ತು, 2025ಕ್ಕೆ 279.2 ಮಿಲಿಯನ್. 32 ತಂಡಗಳಿಗೂ ಒಂದೇ ಮಿತಿ. ಕಡಿಮೆ ಖರ್ಚು ಮಾಡಿ ಜೇಬಿಗೆ ಹಾಕಿಕೊಳ್ಳುತ್ತೇನೆ ಅಂತ ಮಾಲೀಕ ಹೊರಟರೆ ಅದಕ್ಕೂ ತಡೆ ಇದೆ, ಕೆಲವು ವರ್ಷಗಳ ಒಟ್ಟು ಲೆಕ್ಕದಲ್ಲಿ ಕ್ಯಾಪ್‌ನ 90 ಶೇಕಡ ನಗದಾಗಿ ಆಟಗಾರರಿಗೆ ಹೋಗಲೇಬೇಕು. ಆದ್ದರಿಂದ ಜಿಪುಣತನದ ಮಾತು ಅಷ್ಟಾಗಿ ನಿಲ್ಲುವುದಿಲ್ಲ. ಹಿಂದಿನ ವರ್ಷಗಳಲ್ಲಿ ಈ ತಂಡ ಧಾರಾಳವಾಗಿ ಖರ್ಚು ಮಾಡಿ 2025ರಲ್ಲಿ ಕೈ ಬಿಗಿ ಹಿಡಿಯಿತು ಅನ್ನುವುದು ನಿಜ. ಆದರೆ ಆ ಬಿಗಿಗೆ ಕಾರಣ ಬೇರೆ.

ಐಪಿಎಲ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಇಲ್ಲಿ ಸಾಲ ಮಾಡಬಹುದು. ನಾಳೆಯ ಕ್ಯಾಪ್‌ನಿಂದ ಇವತ್ತಿಗೆ ಸಾಲ.

ಹೇಗೆ ಅಂತ ಹೇಳುತ್ತೇನೆ. ಒಬ್ಬ ಆಟಗಾರನಿಗೆ ಐದು ವರ್ಷದ ಒಪ್ಪಂದ ಮಾಡಿ, ಸಹಿ ಹಾಕಿದ್ದಕ್ಕೆ 50 ಮಿಲಿಯನ್ ಸೈನಿಂಗ್ ಬೋನಸ್ ಕೊಟ್ಟರು ಅಂದುಕೊಳ್ಳಿ. ದುಡ್ಡು ಬೇಗನೆ ಅವನ ಬ್ಯಾಂಕಿಗೆ ಹೋಗುತ್ತದೆ. ಕ್ಯಾಪ್ ಪುಸ್ತಕದಲ್ಲಿ ಮಾತ್ರ ವರ್ಷಕ್ಕೆ 10ರಂತೆ ಐದು ಸಾಲಿನಲ್ಲಿ ಬರೆಯುತ್ತಾರೆ. ಮೊದಲ ವರ್ಷ ಎಲ್ಲ ಸಲೀಸು, 40 ಮಿಲಿಯನ್ ಮಿಕ್ಕಿದಂತೆ ಕಾಣುತ್ತದೆ, ಆ ಜಾಗದಲ್ಲಿ ಇನ್ನಿಬ್ಬರನ್ನು ತರುತ್ತಾರೆ. ಎರಡು ವರ್ಷ ಆದ ಮೇಲೆ ಅವನನ್ನು ಕಳಿಸಿದರೆ? ಇನ್ನೂ ಬರೆಯದೆ ಉಳಿದ 30 ಮಿಲಿಯನ್ ಒಟ್ಟಿಗೆ ಬಂದು ತಲೆ ಮೇಲೆ ಬೀಳುತ್ತದೆ. ಆಟಗಾರ ಬೇರೆ ಊರಲ್ಲಿ ಆಡುತ್ತಿರುತ್ತಾನೆ, ಲೆಕ್ಕ ನಮ್ಮ ಪುಸ್ತಕದಲ್ಲಿ. ಇದಕ್ಕೆ ಡೆಡ್ ಮನಿ ಅಂತ ಹೆಸರು. ಡೀಬೊನನ್ನು ವಾಷಿಂಗ್ಟನ್‌ಗೆ ಕಳಿಸಿ ಪಡೆದದ್ದು ಡ್ರಾಫ್ಟ್‌ನ ಒಂದೇ ಒಂದು ಐದನೇ ಸುತ್ತಿನ ಪಿಕ್, ಅಂದರೆ ಒಬ್ಬ ಹುಡುಗನನ್ನು ಆರಿಸುವ ಸರದಿ. ಅದರ ಜೊತೆಗೆ ಅವನ ಹೆಸರಿನಲ್ಲಿ ಸುಮಾರು 31 ಮಿಲಿಯನ್ ಡೆಡ್ ಮನಿಯನ್ನೂ ತಂಡ ಹೊತ್ತುಕೊಂಡಿತು. ಅವನು ಆಡದೆ ಇದ್ದರೂ ಲೆಕ್ಕದಲ್ಲಿ ಅವನಿಗೇ ದೊಡ್ಡ ಪಾಲು! ನನ್ನ ಕೆಲಸದಲ್ಲಿ ಈ ಕಾಲಂ ತುಂಬಿ ಬರುವುದನ್ನು ಎರಡು ಮೂರು ವರ್ಷ ಮೊದಲೇ ನೋಡಬಹುದು. ಅಭಿಮಾನಿಗೆ ಅದು ಕಾಣುವುದು ಮಾರ್ಚ್‌ನಲ್ಲಿ, ಒಂದೇ ದಿನ.

ಸಾಲ ಮಾಡಿದ್ದು ತಪ್ಪಾ ಅಂದರೆ, ಅಲ್ಲ. ಗೆಲ್ಲುವ ತಂಡ ಕೈಯಲ್ಲಿದ್ದಾಗ ಸಾಲ ಮಾಡಬೇಕು. 2023ರ ಸೀಸನ್‌ನಲ್ಲಿ ಅವರು 12 ಗೆದ್ದು 5 ಸೋತು ಸೂಪರ್ ಬೌಲ್‌ವರೆಗೆ ಹೋದರು, ಲಾಸ್ ವೇಗಸ್‌ನಲ್ಲಿ ಕ್ಯಾನ್ಸಸ್ ಸಿಟಿ ಎದುರು ಹೆಚ್ಚುವರಿ ಸಮಯದಲ್ಲಿ 25-22ರಿಂದ ಸೋತರು. ಕೂದಲೆಳೆಯ ಅಂತರ. ಆ ಆಟದ ಒಂದು ಗಳಿಗೆ ನಿಮಗೂ ನೆನಪಿರಬೇಕು. ಡ್ರೆ ಗ್ರೀನ್‌ಲಾ ಮೈದಾನದ ಅಂಚಿನಿಂದ ಒಳಗೆ ಓಡಿದ, ಅಷ್ಟೇ, ಯಾರೂ ಮುಟ್ಟಲಿಲ್ಲ, ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಕಿತ್ತುಹೋಯಿತು. ಮುಂದಿನ ಸೀಸನ್‌ನಲ್ಲಿ ಅವನು ಆಡಿದ್ದು ಎರಡೇ ಪಂದ್ಯ. ಆ ವರ್ಷ ತಂಡ 6-11, ಅಂದರೆ 6 ಗೆಲುವು, 11 ಸೋಲು.

ಈಗ ಮೂಲ ಕಾರಣಕ್ಕೆ ಬರುತ್ತೇನೆ, ನನ್ನ ಪ್ರಕಾರ ಇಡೀ ಉತ್ತರ ಇರುವುದು ಇಲ್ಲೇ. 2025ರ ಮಾರ್ಚ್‌ನಲ್ಲಿ ನೀವು ನೋಡಿದ್ದು 2021ರ ಮಾರ್ಚ್‌ನ ಬಿಲ್.

ಆಗ ತಂಡ ಟ್ರೇ ಲ್ಯಾನ್ಸ್ ಅನ್ನುವ ಹುಡುಗನಿಗೋಸ್ಕರ ಡ್ರಾಫ್ಟ್‌ನಲ್ಲಿ 12ನೇ ಸ್ಥಾನದಿಂದ 3ನೇ ಸ್ಥಾನಕ್ಕೆ ಏರಿತು. ಬದಲಿಗೆ ಮಯಾಮಿಗೆ ಕೊಟ್ಟದ್ದು ಮೂರು ವರ್ಷದ ಮೊದಲ ಸುತ್ತಿನ ಪಿಕ್‌ಗಳು, ಮೇಲೊಂದು ಮೂರನೇ ಸುತ್ತಿನದು. ಲ್ಯಾನ್ಸ್ ಈ ತಂಡದ ಪರ ಶುರುವಿನಿಂದ ಆಡಿದ್ದು ನಾಲ್ಕೇ ಪಂದ್ಯ. 2023ರ ಆಗಸ್ಟ್‌ನಲ್ಲಿ ನಾಲ್ಕನೇ ಸುತ್ತಿನ ಒಂದು ಪಿಕ್‌ಗೆ ಡಲ್ಲಾಸ್‌ಗೆ ಹೋದ. ಇದರ ಮೇಲೆ 2022ರ ಅಕ್ಟೋಬರ್‌ನಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿಗೋಸ್ಕರ 2023ರ ಎರಡನೇ, ಮೂರನೇ, ನಾಲ್ಕನೇ ಸುತ್ತಿನ ಪಿಕ್‌ಗಳೂ ಹೋದವು. ಆ ವ್ಯಾಪಾರವನ್ನು ನಾನು ಇವತ್ತಿಗೂ ಸಮರ್ಥಿಸುತ್ತೇನೆ. ಆದರೆ ಎರಡೂ ಸೇರಿ ಆದದ್ದು ನೋಡಿ: 2022ರಲ್ಲಿ ಅವರ ಮೊದಲ ಆಯ್ಕೆ 61ನೇ ನಂಬರಿಗೆ, 2023ರಲ್ಲಿ 87ನೇ ನಂಬರಿಗೆ. ಆಮೇಲೆ 99ನೇ ಪಿಕ್ ಇಟ್ಟುಕೊಂಡು ಚೆಂಡು ಒದೆಯುವುದಷ್ಟೇ ಕೆಲಸವಾದ ಒಬ್ಬ ಕಿಕ್ಕರ್‌ನನ್ನು ತೆಗೆದುಕೊಂಡರು. ಮೂರನೇ ಸುತ್ತಿನಲ್ಲಿ ಕಿಕ್ಕರ್! 2025ರ ಮೊದಲ ಪಂದ್ಯ ಮುಗಿದ ಮೇಲೆ ಅವನನ್ನೂ ಬಿಟ್ಟರು.

ಡ್ರಾಫ್ಟ್‌ನಲ್ಲಿ ಬಂದ ಹುಡುಗ ನಾಲ್ಕು ವರ್ಷ ನಿಗದಿಯಾದ ಕಡಿಮೆ ಸಂಬಳಕ್ಕೆ ಆಡುತ್ತಾನೆ. 2011ರ ಒಪ್ಪಂದದಿಂದ ಈ ವ್ಯವಸ್ಥೆ. ಅದಕ್ಕಿಂತ ಒಂದು ವರ್ಷ ಮುಂಚೆ ಮೊದಲ ಪಿಕ್ ಆದ ಸ್ಯಾಮ್ ಬ್ರಾಡ್‌ಫೋರ್ಡ್‌ಗೆ 50 ಮಿಲಿಯನ್ ಖಾತ್ರಿ ಸಿಕ್ಕಿತ್ತು, 2011ರಲ್ಲಿ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಒಟ್ಟು 22. ಹಾಗಾಗಿ ಒಳ್ಳೆಯ ಡ್ರಾಫ್ಟ್ ಅಂದರೆ ಬರೀ ಪ್ರತಿಭೆಯಲ್ಲ, ಅಗ್ಗದ ಪ್ರತಿಭೆ. ಅಂಥವರು ಹತ್ತು ಹನ್ನೆರಡು ಜನ ಇದ್ದರೆ ನಿಕ್ ಬೋಸಾ, ಟ್ರೆಂಟ್ ವಿಲಿಯಮ್ಸ್‌ರಂಥ ದುಬಾರಿ ತಾರೆಯರನ್ನು ಸಾಕಬಹುದು. 2025ಕ್ಕೆ ಈ ತಂಡದಲ್ಲಿ ಮೂರನೇ, ನಾಲ್ಕನೇ ವರ್ಷದ ಅಗ್ಗದ ಒಳ್ಳೆಯ ಆಟಗಾರರು ತೀರಾ ಕಡಿಮೆ. ಮನೆಯಲ್ಲಿ ಅಜ್ಜಂದಿರೂ ಇದ್ದಾರೆ, ಕೂಸುಗಳೂ ಇವೆ, ದುಡಿಯುವ ವಯಸ್ಸಿನವರೇ ಇಲ್ಲ ಅನ್ನುವ ಹಾಗೆ.

ಇಷ್ಟಾದರೂ ತಂಡ ಮುಳುಗಲಿಲ್ಲ ಅಂದರೆ ಅದು ಪರ್ಡಿಯ ಪುಣ್ಯ. 2022ರ ಡ್ರಾಫ್ಟ್‌ನ ಕಟ್ಟಕಡೆಯ ಪಿಕ್, 262ನೆಯವನು. 2024ರಲ್ಲಿ ಡಲ್ಲಾಸ್‌ನ ಕ್ವಾರ್ಟರ್‌ಬ್ಯಾಕ್ ಡಾಕ್ ಪ್ರೆಸ್ಕಾಟ್ ವರ್ಷಕ್ಕೆ 60 ಮಿಲಿಯನ್‌ಗೆ ಸಹಿ ಹಾಕಿದಾಗ ಪರ್ಡಿಯ ಸಂಬಳ 985 ಸಾವಿರ ಡಾಲರ್. ಮಿಲಿಯನ್ ಕೂಡ ಅಲ್ಲ. ಲ್ಯಾನ್ಸ್ ಮಾಡಿದ ಗಾಯ ಇಷ್ಟು ವರ್ಷ ಕಾಣದೆ ಇದ್ದದ್ದು ಈ ಒಂದು ಸಾಲಿನಿಂದ. ಆ ಅದೃಷ್ಟಕ್ಕೆ ಕೊನೆಯ ದಿನಾಂಕ ಇತ್ತು. ಮೂರು ಸೀಸನ್ ಮುಗಿದ ಮೇಲೆ ಹೊಸ ಒಪ್ಪಂದ ಕೇಳುವ ಹಕ್ಕು ಅವನಿಗೆ ಬಂತು, ಐದು ವರ್ಷಕ್ಕೆ 265, ಸರಾಸರಿ ವರ್ಷಕ್ಕೆ 53. ಆ ವರ್ಷದ ಕ್ಯಾಪ್‌ನ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು, 53 ಜನರ ತಂಡದಲ್ಲಿ ಒಬ್ಬನಿಗೆ. ಜಾಸ್ತಿ ಆಯ್ತಾ? ಗೆಲ್ಲಿಸುವ ಕ್ವಾರ್ಟರ್‌ಬ್ಯಾಕ್ ಸಿಕ್ಕಿದ ಮೇಲೆ ಕಳೆದುಕೊಂಡವರು ಹತ್ತು ವರ್ಷ ಹುಡುಕಿದ್ದನ್ನು ನೋಡಿದ್ದೇನೆ, ನಾನಾಗಿದ್ದರೂ ಕೊಡುತ್ತಿದ್ದೆ. ಮೊದಲ ವರ್ಷ, 2025ರಲ್ಲಿ, ಕ್ಯಾಪ್ ಪುಸ್ತಕದಲ್ಲಿ ಅವನ ಲೆಕ್ಕ 10 ಮಿಲಿಯನ್‌ಗೂ ಕಡಿಮೆ, ಭಾರ ಆಮೇಲೆ ಬರುತ್ತದೆ. ಹಾಗಾಗಿ ಆ ಮಾರ್ಚ್‌ನಲ್ಲಿ ಅವನಿಗೆ ಕೊಡಲು ಬೇರೆಯವರನ್ನು ಕಳಿಸಿದರು ಅನ್ನುವುದು ಪೂರ್ತಿ ಸರಿಯಲ್ಲ. ಹಳೆಯ ಸಾಲವನ್ನು ಒಂದೇ ವರ್ಷದಲ್ಲಿ ತೀರಿಸಿ, ಪರ್ಡಿಯ ಭಾರ ಬರುವ ಹೊತ್ತಿಗೆ ಪುಸ್ತಕ ಹಗುರ ಮಾಡಿಟ್ಟರು ಅನ್ನುವುದು ಹತ್ತಿರದ ಮಾತು.

ಹೋದವರು ಎಷ್ಟಕ್ಕೆ ಹೋದರು ಅಂತಲೂ ನೋಡಿ. ಬ್ಯಾಂಕ್ಸ್ ಗ್ರೀನ್ ಬೇಗೆ, ನಾಲ್ಕು ವರ್ಷಕ್ಕೆ 77 ಮಿಲಿಯನ್. ಹುಫಾಂಗ ಡೆನ್ವರ್‌ಗೆ, ಮೂರು ವರ್ಷಕ್ಕೆ ಹೆಚ್ಚೆಂದರೆ 45. ಗ್ರೀನ್‌ಲಾ ಅದೇ ಡೆನ್ವರ್‌ಗೆ, ಮೂರು ವರ್ಷಕ್ಕೆ ಹೆಚ್ಚೆಂದರೆ 35. ಇವರೆಲ್ಲ ನ್ಯಾಯವಾಗಿ ಸಂಪಾದಿಸಿದ ದುಡ್ಡು ಅದು, ಒಂದು ಪೈಸೆ ಕಡಿಮೆ ಅನ್ನುವುದಿಲ್ಲ, ಆಟಗಾರರ ಕಡೆಯವಳಾಗಿ ನನಗೆ ಖುಷಿಯೇ. ಆದರೆ ಎಲ್ಲರಿಗೂ ಅಷ್ಟಷ್ಟು ಕೊಡಲು ಒಂದೇ ತಂಡಕ್ಕೆ ಸಾಧ್ಯವಿಲ್ಲ. ಇನ್ನೊಂದು ಸಂಗತಿ ಇದೆ, ಟಿವಿಯಲ್ಲಿ ಅದರ ಬಗ್ಗೆ ಅಷ್ಟಾಗಿ ಮಾತಾಡುವುದಿಲ್ಲ. ಒಪ್ಪಂದ ಮುಗಿದು ಫ್ರೀ ಏಜೆಂಟ್ ಆಗಿ ಹೋದವರ ಲೆಕ್ಕಕ್ಕೆ, ಬಂದವರ ಲೆಕ್ಕ ಕಳೆದು, ಲೀಗ್ ಮುಂದಿನ ವರ್ಷ ಪರಿಹಾರದ ಪಿಕ್ ಕೊಡುತ್ತದೆ. ಮೂರನೇ ಸುತ್ತಿನಿಂದ ಏಳನೆಯದರವರೆಗೆ, ಒಂದು ತಂಡಕ್ಕೆ ಹೆಚ್ಚೆಂದರೆ ನಾಲ್ಕು. ತಂಡವೇ ಕೈಬಿಟ್ಟ ಹಾರ್‌ಗ್ರೇವ್‌ಗೆ ಇದು ಸಿಗುವುದಿಲ್ಲ, ವ್ಯಾಪಾರದಲ್ಲಿ ಹೋದ ಡೀಬೊಗೂ ಇಲ್ಲ. ಬ್ಯಾಂಕ್ಸ್, ವಾರ್ಡ್, ಹುಫಾಂಗ, ಗ್ರೀನ್‌ಲಾ ಅಂಥವರಿಗೆ ಸಿಗುತ್ತದೆ. ದೊಡ್ಡ ಫ್ರೀ ಏಜೆಂಟ್ ಒಬ್ಬನನ್ನು ಕೊಂಡರೆ ಅಷ್ಟಕ್ಕಷ್ಟು ವಜಾ ಆಗುತ್ತದೆ. ತಂಡ ಆ ವರ್ಷ ಮಾರುಕಟ್ಟೆಯಲ್ಲಿ ಸುಮ್ನೆ ಕೂತದ್ದಕ್ಕೆ ಇದೂ ಒಂದು ಕಾರಣ.

ಸರಿ, ಕೊಳ್ಳಬೇಕಾ ಡ್ರಾಫ್ಟ್ ನಂಬಬೇಕಾ ಅನ್ನುವ ಪ್ರಶ್ನೆ.

ಫ್ರೀ ಏಜೆನ್ಸಿ ಮಾತುಕತೆ ಶುರುವಾಗುವ ಸೋಮವಾರ ನಮ್ಮ ಕಚೇರಿ ಹೇಗಿರುತ್ತದೆ ಅಂತ ಹೇಳುತ್ತೇನೆ. ಪಶ್ಚಿಮ ಕರಾವಳಿಯ ಸಮಯ ಬೆಳಗ್ಗೆ 9. ಎಂಟೂವರೆಗೇ ಎಲ್ಲರ ಕಾಫಿ ಮುಗಿದಿರುತ್ತದೆ. ಗಡಿಯಾರ 9 ಹೊಡೆದ ನಿಮಿಷಕ್ಕೆ ಫೋನು. ಒಬ್ಬ ಆಟಗಾರನಿಗೆ ನಾಲ್ಕು ತಂಡ, ಒಂದು ಗಂಟೆಯಲ್ಲಿ ಬೆಲೆ ಎರಡು ಸಲ ಏರುತ್ತದೆ. ನಾನು ಪಕ್ಕದಲ್ಲಿ ಕೂತು ಪ್ರತಿ ಹೊಸ ಅಂಕಿಗೆ ಖಾತ್ರಿ ಎಷ್ಟು, ಬೋನಸ್ ಎಷ್ಟು ಅಂತ ಹಾಳೆ ಬದಲಿಸುತ್ತೇನೆ. ಕೊನೆಗೆ ಗೆದ್ದ ತಂಡ ಯಾವುದು? ಉಳಿದ 31 ತಂಡ ಇಷ್ಟು ಬೇಡ ಅಂದ ಬೆಲೆಯನ್ನು ಕೊಟ್ಟದ್ದು. ಅವನ ಮಂಡಿ ನೋವು, ಅಭ್ಯಾಸಕ್ಕೆ ಬರುವ ಹೊತ್ತು, ಎಲ್ಲ ಗೊತ್ತಿರುವ ಹಳೆಯ ತಂಡವೂ ಆ 31ರಲ್ಲಿ ಒಂದು. ನಿಜವಾಗಿ ಅತ್ಯುತ್ತಮರಾದವರು ಮಾರುಕಟ್ಟೆಗೆ ಬರುವುದೇ ಅಪರೂಪ, ಅವರ ತಂಡ ಅಷ್ಟರೊಳಗೆ ಹಿಡಿದಿಟ್ಟುಕೊಂಡಿರುತ್ತದೆ.

ಹಾಗಂತ ಮಾರುಕಟ್ಟೆ ಕೆಟ್ಟದ್ದು ಅನ್ನುವುದು ಇನ್ನೊಂದು ತಪ್ಪು ಕಲ್ಪನೆ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎರಡು ಸಲ ದುಡ್ಡು ಸುರಿಯಿತು. 2021ರಲ್ಲಿ ಜಾನು ಸ್ಮಿತ್, ಹಂಟರ್ ಹೆನ್ರಿ, ಜೂಡನ್ ಎಲ್ಲರನ್ನೂ ತಂದು 10-7 ಮಾಡಿ, ಪ್ಲೇಆಫ್‌ನ ಮೊದಲ ಆಟದಲ್ಲೇ ಬಫಲೊ ಕೈಯಲ್ಲಿ 47-17ರಿಂದ ಸೋತು, ಮುಂದಿನ ವರ್ಷ 8-9ಕ್ಕೆ ಇಳಿಯಿತು. 2025ರಲ್ಲಿ ಮತ್ತೆ ಸುರಿದು, ಮಿಲ್ಟನ್ ವಿಲಿಯಮ್ಸ್ ಒಬ್ಬನಿಗೇ ನಾಲ್ಕು ವರ್ಷಕ್ಕೆ 104 ಮಿಲಿಯನ್, 4-13ರಿಂದ 14-3ಕ್ಕೆ ಏರಿ ನಿಮ್ಮ ಮನೆ ಹತ್ತಿರದ ಲೀವೈಸ್ ಸ್ಟೇಡಿಯಂನಲ್ಲಿ ಸೂಪರ್ ಬೌಲ್ ಆಡಿತು. ಎರಡೂ ಸಲ ಕ್ವಾರ್ಟರ್‌ಬ್ಯಾಕ್ ಅಗ್ಗದವನೇ. ಎರಡನೇ ಸಲದವನು, ಡ್ರೇಕ್ ಮೇ, ಅಗ್ಗವೂ ಹೌದು, ಅತ್ಯುತ್ತಮನೂ ಹೌದು. ಅಡಿಪಾಯ ಇದ್ದರೆ ಮಾರುಕಟ್ಟೆಯಿಂದ ಮಹಡಿ ಕಟ್ಟಬಹುದು.

ಕ್ವಾರ್ಟರ್‌ಬ್ಯಾಕ್ ದುಬಾರಿಯಾದ ಮೇಲೆ ನೋಡಿ ಕಲಿಯಬೇಕಾದದ್ದು ಫಿಲಡೆಲ್ಫಿಯಾ ಈಗಲ್ಸ್‌ನಿಂದ. ಅವರ ಕ್ವಾರ್ಟರ್‌ಬ್ಯಾಕ್ ಹರ್ಟ್ಸ್‌ಗೆ 2023ರಲ್ಲೇ 255 ಮಿಲಿಯನ್ ಒಪ್ಪಂದ ಆಗಿತ್ತು. 2024ರಲ್ಲಿ ಅವರು ಸೇಕ್ವಾನ್ ಬಾರ್ಕ್ಲಿಯನ್ನು ತಂದರು, ಅವನು 2,005 ಯಾರ್ಡ್ ಓಡಿದ. ನನಗೆ ಅದಕ್ಕಿಂತ ಇಷ್ಟವಾದದ್ದು ಝ್ಯಾಕ್ ಬಾನ್. ಒಂದು ವರ್ಷಕ್ಕೆ 3.5 ಮಿಲಿಯನ್. ಯಾರೂ ಗಮನಿಸದ ಹುಡುಗ, ಜಾಗ ಬದಲಿಸಿ ಆಡಿಸಿದರು, ವರ್ಷದ ಕೊನೆಗೆ ಆಲ್-ಪ್ರೊ, ಅಂದರೆ ಲೀಗ್‌ನ ಆ ವರ್ಷದ ಅತ್ಯುತ್ತಮರ ಪಟ್ಟಿಯಲ್ಲಿ. ಅದೇ ವರ್ಷದ ಡ್ರಾಫ್ಟ್‌ನಲ್ಲಿ 22ನೇ ಪಿಕ್‌ಗೆ ಮಿಚೆಲ್, 40ನೆಯದಕ್ಕೆ ಡಿಜೀನ್. ಡಿಜೀನ್ ಸೂಪರ್ ಬೌಲ್‌ನಲ್ಲಿ ಕ್ಯಾನ್ಸಸ್ ಸಿಟಿಯ ಮಹೋಮ್ಸ್ ಎಸೆದ ಚೆಂಡನ್ನು ಕಸಿದು ಟಚ್‌ಡೌನ್‌ವರೆಗೆ ಓಡಿದ. ಈಗಲ್ಸ್ ಗೆದ್ದದ್ದು 40-22ರಿಂದ. ಮಾರುಕಟ್ಟೆಯಲ್ಲಿ ರಿಪೇರಿ, ಡ್ರಾಫ್ಟ್‌ನಲ್ಲಿ ಕಟ್ಟಡ, ಹೀಗೆ.

ಉಳಿದ ಎರಡು ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ರ‍್ಯಾಮ್ಸ್ 2017ರಿಂದ 2023ರವರೆಗೆ ಮೊದಲ ಸುತ್ತಿನ ಪಿಕ್ ಬಳಸಲೇ ಇಲ್ಲ, ಎಲ್ಲ ಕೊಟ್ಟು ದೊಡ್ಡವರನ್ನು ತಂದರು, ಕಪ್ ಗೆದ್ದರು, ಮರುವರ್ಷ 5-12. ಮತ್ತೆ ಎದ್ದದ್ದು ಐದನೇ ಸುತ್ತಿನ ಪೂಕಾ ನಕೂವಾ ಅಂಥವರಿಂದ. ನ್ಯೂ ಆರ್ಲಿಯನ್ಸ್ ಸೇಂಟ್ಸ್ ವರ್ಷಾವರ್ಷ ಒಪ್ಪಂದ ತಿದ್ದಿ ಸಾಲವನ್ನು ಮುಂದಕ್ಕೆ ತಳ್ಳಿತು. ಸಾಲ ಮಾಡಿ ತುಪ್ಪ ತಿನ್ನುವುದು ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಇದ್ದಾಗ ಸರಿ, ಅವನು ಹೋದ ಮೇಲೆ ತುಪ್ಪ ಇಲ್ಲ, ಸಾಲ ಇತ್ತು. ಫಾರ್ಟಿನೈನರ್ಸ್ 2025ರಲ್ಲಿ ತಪ್ಪಿಸಿಕೊಂಡದ್ದು ಈ ಗತಿಯಿಂದ.

ಡ್ರಾಫ್ಟ್ ಮೇಲೂ ಕುರುಡು ನಂಬಿಕೆ ಬೇಡ. ಮೊದಲ ಸುತ್ತು ಅಂದರೆ ಗ್ಯಾರಂಟಿ ಅಂದುಕೊಳ್ಳುವವರಿಗೆ 2017 ನೆನಪಿಸುತ್ತೇನೆ. ಫಾರ್ಟಿನೈನರ್ಸ್ ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಮತ್ತು ಕೋಚ್ ಕೈಲ್ ಶಾನಹಾನ್ ಜೋಡಿಯ ಮೊದಲ ಡ್ರಾಫ್ಟ್. 3ನೇ ಪಿಕ್ ಸಾಲೊಮನ್ ಥಾಮಸ್, 31ನೆಯದು ರೂಬೆನ್ ಫೋಸ್ಟರ್, ಇಬ್ಬರೂ ನಿಲ್ಲಲಿಲ್ಲ. ಅದೇ ಡ್ರಾಫ್ಟ್‌ನಲ್ಲಿ 146ನೇ ಪಿಕ್, ಜಾರ್ಜ್ ಕಿಟಲ್. ಆಮೇಲಿನ ವರ್ಷಗಳಲ್ಲಿ ಬಂದ ಫ್ರೆಡ್ ವಾರ್ನರ್ 70ನೆಯವನು, ಗ್ರೀನ್‌ಲಾ 148, ಹುಫಾಂಗ 180. ಇದನ್ನು ನೋಡಿ ಮೇಲಿನ ಪಿಕ್ ಬೇಡ ಅನ್ನುವುದೂ ತಪ್ಪು. ಕೆಳಗಿನ ಸುತ್ತಿನಲ್ಲಿ ನೂರು ಜನರಲ್ಲಿ ನಾಲ್ಕು ಜನ ಮಿಂಚುತ್ತಾರೆ, ನಮಗೆ ಆ ನಾಲ್ಕು ಹೆಸರೇ ನೆನಪಿರುವುದು. ಎಲ್ಲಾ ತಂಡಗಳೂ ತಪ್ಪು ಮಾಡುತ್ತವೆ, ಜಾಸ್ತಿ ಪಿಕ್ ಇದ್ದವರಿಗೆ ಜಾಸ್ತಿ ಅವಕಾಶ. ಲ್ಯಾನ್ಸ್ ವ್ಯಾಪಾರದಲ್ಲಿ ನನಗೆ ನೋವಾಗುವುದು ಆಯ್ಕೆ ತಪ್ಪಾಯಿತು ಅಂತಲ್ಲ. ಮೂರು ಸಲ ತಪ್ಪಬಹುದಾಗಿದ್ದ ಅವಕಾಶವನ್ನು ಒಂದೇ ಸಲಕ್ಕೆ ಕಟ್ಟಿಬಿಟ್ಟರು.

2025ರ ಏಪ್ರಿಲ್‌ನಲ್ಲಿ ಅವರಿಗೆ 11 ಪಿಕ್ ಇದ್ದವು. ಮೊದಲ ಐದೂ ರಕ್ಷಣೆಯ ಆಟಗಾರರು. 11ನೇ ಪಿಕ್ ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕೆಲ್ ವಿಲಿಯಮ್ಸ್, ಬೋಸಾನ ಎದುರು ಬದಿಗೆ. ಬೋಸಾನ ಸರಾಸರಿ ವರ್ಷಕ್ಕೆ 34 ಮಿಲಿಯನ್, ಈ ಹುಡುಗನದ್ದು 6ರ ಆಸುಪಾಸು. ಡೀಬೊನಿಂದ ಬಂದ 147ನೇ ಪಿಕ್‌ಗೆ ಓಟಗಾರ ಜೋರ್ಡನ್ ಜೇಮ್ಸ್. ಅಗತ್ಯ ನೋಡಿ ಆರಿಸಬೇಕಾ, ಇರುವವರಲ್ಲಿ ಒಳ್ಳೆಯವನನ್ನಾ ಅಂತ ಜನ ವಾದ ಮಾಡುತ್ತಾರೆ. ನಾನು ಕಂಡಂತೆ ತಂಡಗಳು ಹುಡುಗರನ್ನು ಗುಂಪುಗುಂಪಾಗಿ ಇಡುತ್ತವೆ, ಒಂದೇ ಗುಂಪಿನಲ್ಲಿ ಇಬ್ಬರಿದ್ದರೆ ಅಗತ್ಯ ನೋಡುತ್ತವೆ. ಅಗತ್ಯಕ್ಕೋಸ್ಕರ ಕೆಳಗಿನ ಗುಂಪಿನವನನ್ನು ಮೇಲೆ ಎಳೆದಾಗ ಕೆಡುತ್ತದೆ.

ಇದರ ಅಪಾಯವೂ ಅದೇ ವರ್ಷ ಕಂಡಿತು. ಮೂರನೇ ವಾರ ಬೋಸಾನ ಮಂಡಿ ಹೋಯಿತು, ಅಕ್ಟೋಬರ್‌ನಲ್ಲಿ ವಾರ್ನರ್‌ನ ಪಾದದ ಗಂಟು, ನವೆಂಬರ್‌ನಲ್ಲಿ ಮೈಕೆಲ್ ವಿಲಿಯಮ್ಸ್‌ನ ಮಂಡಿ. ಅನುಭವಿಗಳನ್ನು ಕಳಿಸಿದ ಮೇಲೆ ಹಿಂದೆ ನಿಲ್ಲುವವರು ಹುಡುಗರೇ. ಪರ್ಡಿಯೂ ಕಾಲ್ಬೆರಳಿನ ಗಾಯದಿಂದ ಹೊರಗೆ ಕೂತ. ಆಗ ಕೈ ಹಿಡಿದದ್ದು ಮಾರುಕಟ್ಟೆಯಲ್ಲಿ ಸಣ್ಣ ಒಪ್ಪಂದಕ್ಕೆ ತಂದಿದ್ದ ಮ್ಯಾಕ್ ಜೋನ್ಸ್, 2021ರಲ್ಲಿ ಪೇಟ್ರಿಯಟ್ಸ್‌ನ ಅಗ್ಗದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಅದೇ ಹುಡುಗ. ಎಂಟು ಪಂದ್ಯ ಆಡಿ ಐದು ಗೆಲ್ಲಿಸಿದ. ಎಲ್ಲ ಸೇರಿ ತಂಡ 12-5. ನೀವು ಅಳಿಸಿಹೋಯಿತು ಅಂದುಕೊಂಡ ತಂಡ, ಸರ್.

ಮುಂದಿನ ಮಾರ್ಚ್‌ಗಳಲ್ಲಿ ಯಾರು ಬಂದರು ಅನ್ನುವುದಕ್ಕಿಂತ ಎರಡು ಸಂಗತಿ ನೋಡಿ. ಪರ್ಡಿಯ ಬೋನಸ್ ತಿದ್ದಿ ಮುಂದಕ್ಕೆ ತಳ್ಳುತ್ತಿದ್ದಾರಾ? ಒಮ್ಮೆ ಸರಿ, ಪ್ರತಿ ವರ್ಷ ಆದರೆ ಇನ್ನೊಂದು 2025 ಬರುತ್ತದೆ. ಮತ್ತೆ, ಮೊದಲ ಮೂರು ಸುತ್ತಿನ ಪಿಕ್‌ಗಳು ಅವರ ಹತ್ತಿರವೇ ಇವೆಯಾ? ಮೂವತ್ತು ದಾಟಿದವನೊಬ್ಬನಿಗೆ ಅವನ್ನು ಕೊಟ್ಟರು ಅಂತ ಸುದ್ದಿ ಬಂದರೆ ಆಗ ನಿಮ್ಮ ಭಯಕ್ಕೆ ಕಾರಣ ಇದೆ.

ಜೆರ್ಸಿಗೆ ನಮ್ಮ ಕಚೇರಿಯಲ್ಲಿ ಒಂದು ಅಭ್ಯಾಸ ಇದೆ. ನಾಲ್ಕನೇ ವರ್ಷದಲ್ಲಿರುವ ಹುಡುಗನದ್ದು ಮಕ್ಕಳಿಗೆ ಕೊಡಿಸುವುದಿಲ್ಲ, ಮುಂದಿನ ಮಾರ್ಚ್‌ನಲ್ಲಿ ಅವನು ಎಲ್ಲಿರುತ್ತಾನೋ ಗೊತ್ತಿಲ್ಲ. ಹೊಸ ಒಪ್ಪಂದಕ್ಕೆ ಈಚೆಗೆ ಸಹಿ ಹಾಕಿದವನನ್ನು ಆರಿಸುತ್ತೇವೆ. ಫ್ರೆಡ್ ವಾರ್ನರ್ 2025ರ ಮೇನಲ್ಲಿ ಮೂರು ವರ್ಷ ವಿಸ್ತರಿಸಿಕೊಂಡಿದ್ದಾನೆ, ಒಪ್ಪಂದ 2029ರವರೆಗೆ. 54ನೇ ನಂಬರ್, ಮಗಳಿಗೆ ಒಂದು ಸೈಜ್ ದೊಡ್ಡದೇ ತೆಗೆದುಕೊಳ್ಳಿ. ಹುಫಾಂಗನದ್ದನ್ನು ಎಸೆಯಬೇಡಿ. 180ನೇ ಪಿಕ್ ಆಗಿ ಬಂದು ಆ ಬಟ್ಟೆಯಲ್ಲೇ ಅವನು ತನ್ನ ಡೆನ್ವರ್ ಒಪ್ಪಂದ ದುಡಿದದ್ದು.